ತಳದ ನಲ್ಲಿಗೆ ಕಟ್ಟಿದ ಕಂಕಣ

ದುಂದುಭಿ ಸಂವತ್ಸರದ ನವರಾತ್ರಿ ಆರಂಭವಾದ ದಿನ ಮಾಕಳಿಯ ನಮ್ಮ ಡಾಂಬರು ಕಾರ್ಖಾನೆಗೆ ಹೊಸ ಎಣ್ಣೆ ಬಂತು. ಟ್ಯಾಂಕರಿನ ಮುಚ್ಚಳ ತೆಗೆದಾಗ ಎದ್ದ ವಾಸನೆ ನನಗೆ ಹಿಡಿಸಲಿಲ್ಲ. ಹಳೆಯ ಎಣ್ಣೆಗೆ ಬಿಸಿಲಿಗೆ ಕಾದ ರಸ್ತೆಯ ವಾಸನೆ ಇರುತ್ತಿತ್ತು. ಇದಕ್ಕೆ ತಳ ಹಿಡಿದು ಸೀದ ಪಾತ್ರೆಯ ವಾಸನೆ ಇತ್ತು.

ನಾನು ಅಲ್ಲಿನ ಕೆಮಿಸ್ಟ್. ಸರ್ಕಾರಿ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಮೇಲೆ ಮನೆಯಲ್ಲಿ ಕೂರಲಾರದೆ ಈ ಕೆಲಸಕ್ಕೆ ಬಂದಿದ್ದೆ. ಮಾಲೀಕ ವೆಂಕಟೇಶಪ್ಪ ಮಾಕಳಿಯವನೇ. ತುಮಕೂರು ರಸ್ತೆಯ ಪಕ್ಕದಲ್ಲಿದ್ದ ತನ್ನ ರಾಗಿ ಹೊಲದಲ್ಲಿ ಶೆಡ್ಡು ಕಟ್ಟಿ, ಹತ್ತು ಟನ್ನಿನ ಒಂದು ಕಬ್ಬಿಣದ ಕೊಪ್ಪರಿಗೆ ಇಟ್ಟಿದ್ದ. ಸಂಸ್ಕರಣಾಗಾರದಲ್ಲಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಕರಿ ಎಣ್ಣೆಯನ್ನು ತರಿಸಿ, ಅದನ್ನು ಕಾಯಿಸಿ, ಒಳಗೆ ಗಾಳಿ ಊದಿ, ಗಟ್ಟಿ ಡಾಂಬರು ಮಾಡುತ್ತಿದ್ದೆವು. ಪೀಣ್ಯದ ಕಾರ್ಖಾನೆಗಳ ಚಾವಣಿ ಸೋರದಂತೆ ಹಾಕುವ ಹಾಳೆಗೆ, ಬ್ಯಾಟರಿಯ ಬಾಯಿ ಮುಚ್ಚುವುದಕ್ಕೆ ಆ ಡಾಂಬರು ಬೇಕಾಗಿತ್ತು. ಎಲ್ಲರೂ ಬಿಸಾಡುವ ತಳಕ್ಕೆ ಬೆಲೆ ತರುವ ಕೆಲಸ ಎಂದು ನಾನು ಅದನ್ನು ಹೆಮ್ಮೆಯಿಂದಲೇ ಮಾಡುತ್ತಿದ್ದೆ.

ಕೊಪ್ಪರಿಗೆಯ ಉಸ್ತುವಾರಿ ರಾಮಪ್ರಸಾದನದು. ಅವನು ನನ್ನ ಅಕ್ಕ ಅನುಸೂಯಮ್ಮನ ಮಗ. ಎಂಟನೆಯ ವಯಸ್ಸಿನಿಂದ ನನ್ನ ಮನೆಯಲ್ಲಿಯೇ ಬೆಳೆದು, ಡಿಪ್ಲೊಮಾ ಮುಗಿಸಿ, ನನ್ನ ಮಗಳು ಸೀತಾಳನ್ನು ಮದುವೆಯಾಗಿದ್ದ. ಆಗ ಅವರಿಗೆ ಮದುವೆಯಾಗಿ ಒಂದೂವರೆ ವರ್ಷ. ಅವನನ್ನು ಈ ಕೆಲಸಕ್ಕೆ ಕರೆತಂದವನೂ ನಾನೇ.

ಹೊಸ ಎಣ್ಣೆ ಬಂದ ಸಂಜೆಯೇ ಅದರ ಒಂದು ತೊಟ್ಟನ್ನು ಸೋಸುವ ಕಾಗದದ ಮೇಲೆ ಬಿಟ್ಟೆ. ಇದು ಹಳೆಯ ಪರೀಕ್ಷೆ. ತೊಟ್ಟು ಕಾಗದದ ಮೇಲೆ ಹರಡುತ್ತದೆ. ಎಲ್ಲ ಕಡೆಯೂ ಒಂದೇ ಕಂದು ಬಣ್ಣ ಬಂದರೆ ಎಣ್ಣೆ ಆರೋಗ್ಯವಾಗಿದೆ ಎಂದು ಅರ್ಥ. ನಡುವೆ ಕಪ್ಪು ಬೊಟ್ಟು ಉಳಿದರೆ ಒಳಗಿನ ಭಾರದ ಭಾಗ ಕಳಚಿ ಬೀಳುತ್ತಿದೆ ಎಂದು ಅರ್ಥ. ಕಾಲು ಗಂಟೆಯ ಮೇಲೆ ನೋಡಿದರೆ ಕಂದು ಬಣ್ಣದ ನಡುವೆ ಕಪ್ಪು ಬೊಟ್ಟು ಕಣ್ಣಿನ ಗುಡ್ಡೆಯ ಹಾಗೆ ನಿಂತಿತ್ತು. ಮತ್ತೊಂದು ತೊಟ್ಟು ಬಿಟ್ಟೆ. ಅದರಲ್ಲಿಯೂ ನಿಂತಿತು.

ರಾಮಪ್ರಸಾದ ಒಳಗೆ ಬಂದ. ಅವನ ಹಿಂದೆಯೇ ಕೊಪ್ಪರಿಗೆ ಮೇಸ್ತ್ರಿ ಆವಲಪ್ಪ ಬಾಗಿಲಲ್ಲಿ ನಿಂತ. ಆವಲಪ್ಪ ಐವತ್ತು ದಾಟಿದ ಮನುಷ್ಯ. ಮೊದಲು ಇಟ್ಟಿಗೆ ಗೂಡಿನಲ್ಲಿದ್ದವನು, ಬೆಂಕಿಯ ಮರ್ಮ ಬಲ್ಲವನು.

"ಏನ್ ಮಾವ, ಕಾಗದ ನಿಮ್ಮನ್ನೇ ದುರುಗುಟ್ಕೊಂಡು ನೋಡ್ತಿದೆ?" ಎಂದ ರಾಮಪ್ರಸಾದ.

"ತಮಾಷೆ ಅಲ್ಲ ಕಣೋ. ಇದನ್ನ ಹೀಗೇ ಕೊಪ್ಪರಿಗೆಗೆ ಹಾಕೋ ಹಾಗಿಲ್ಲ."

"ಯಾಕ್ ಸಾಮಿ? ಕರಿ ಎಣ್ಣೆ ಕರಿ ಎಣ್ಣೇನೇಯ. ಅದ್ರಾಗೆ ಜಾತಿ ಕುಲ ಐತಾ?" ಎಂದ ಆವಲಪ್ಪ.

ನಾನು ಎಲೆಯಡಿಕೆ ಚೀಲದಿಂದ ವೀಳ್ಯದೆಲೆಯ ಕಟ್ಟನ್ನು ತೆಗೆದೆ. ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿದ ಕಟ್ಟು. "ನೋಡಿಲ್ಲಿ, ಈ ಎಣ್ಣೆಯಲ್ಲಿ ಆಸ್ಫಾಲ್ಟೀನ್ ಅಂತ ಒಂದು ಭಾರವಾದ ಪದಾರ್ಥ ಇದೆ. ಅದರ ಕಣಗಳು ಚಪ್ಪಟೆ. ಈ ಎಲೆಗಳ ಹಾಗೆ ಒಂದರ ಮೇಲೊಂದು ಕೂತು ಸಣ್ಣ ಸಣ್ಣ ಕಟ್ಟಾಗಿರ್ತವೆ. ಆ ಕಟ್ಟಿನ ಸುತ್ತ ಈ ಬಾಳೆಪಟ್ಟೆ ಹಾಗೆ ರಾಳ ಸುತ್ತಿಕೊಂಡಿರುತ್ತೆ. ರಾಳ ಇರೋವರೆಗೂ ಕಟ್ಟುಗಳು ಎಣ್ಣೆಯಲ್ಲಿ ತೇಲ್ತವೆ, ಒಂದಕ್ಕೊಂದು ಅಂಟಲ್ಲ. ಗಾಳಿ ಊದಿದ್ರೆ ರಾಳವೇ ನಿಧಾನವಾಗಿ ಎಲೆಯ ಕಟ್ಟಾಗುತ್ತೆ. ಅದಕ್ಕೇ ಡಾಂಬರು ಗಟ್ಟಿಯಾಗೋದು."

"ಅಂಗಾರೆ ಇಷ್ಟ್ ವರ್ಸ ನಾನು ಬೇಯಿಸ್ತಾ ಇದ್ದಿದ್ದು ವೀಳ್ಯದೆಲೆ ಅನ್ನಿ. ಸುಣ್ಣ ಅಡಿಕೆ ಒಂದ್ ಕಮ್ಮಿ."

ರಾಮಪ್ರಸಾದ ನಕ್ಕ. ನನಗೆ ನಗು ಬರಲಿಲ್ಲ. "ಈ ಹೊಸದನ್ನ ಅವರು ಒಂದು ಸಲ ಬಲವಾಗಿ ಕಾಯಿಸಿ ಒಡೆದಿದ್ದಾರೆ. ತಳದಲ್ಲಿರೋ ಹಗುರವಾದದ್ದನ್ನೂ ಬಿಡದೆ ಹಿಂಡ್ಕೊಂಡಿದ್ದಾರೆ. ಆ ಬೆಂಕಿಗೆ ರಾಳ ಅರ್ಧ ಸುಟ್ಟುಹೋಗಿದೆ. ಬಾಳೆಪಟ್ಟೆ ಹರಿದ ಕಟ್ಟುಗಳು ಇವು. ಮತ್ತೆ ಕಾಯಿಸಿದ್ರೆ ಒಂದಕ್ಕೊಂದು ಅಂಟಿಕೊಂಡು ಕೊಪ್ಪರಿಗೆಯೊಳಗಿನ ಬೆಂಕಿ ಕೊಳವೆ ಮೇಲೆ ಕೂತು ಇದ್ದಿಲಾಗ್ತವೆ. ಇದ್ದಿಲ ಕೆಳಗೆ ಕಬ್ಬಿಣ ಕೆಂಪಗೆ ಕಾಯುತ್ತೆ. ಕೊಳವೆ ಬಿರಿದ್ರೆ ಹತ್ತು ಟನ್ ಎಣ್ಣೆಗೆ ಬೆಂಕಿ."

ಆವಲಪ್ಪ ಕಿಟಕಿಯಾಚೆ ಕೊಪ್ಪರಿಗೆಯ ಕಡೆ ನೋಡಿದ. ಕೊಪ್ಪರಿಗೆಯ ತಲೆಯ ಮೇಲೆ ಒಂದು ಅಟ್ಟಣೆ ಇದೆ. ಗಾಳಿ ಊದುವಾಗ ಅಲ್ಲಿ ಒಬ್ಬರು ನಿಂತು ಎಣ್ಣೆಯ ಮಟ್ಟ ನೋಡುತ್ತಿರಬೇಕು. ನಿಲ್ಲುವವನು ರಾಮಪ್ರಸಾದ. ನಮ್ಮ ಮೂವರಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮರುದಿನ ವೆಂಕಟೇಶಪ್ಪನ ಮುಂದೆ ಕಾಗದಗಳನ್ನಿಟ್ಟೆ. ಅವನು ಕನ್ನಡಕ ಹಾಕಿಕೊಂಡು ನೋಡಿ ಬದಿಗಿಟ್ಟ.

"ಸ್ವಾಮಿ, ಹಳೇ ಎಣ್ಣೆ ಇನ್ಮೇಲೆ ಬರಾಕಿಲ್ಲ. ಇರೋದು ಇದೇಯ. ದಶಮಿ ದಿನ ಶುರು ಹಚ್ಚಾಣ."

"ಪ್ರಯೋಗ ಮಾಡೋಕೆ ಹದಿನೈದು ದಿನ ಕೊಡಿ."

"ದಶಮಿ ದಿನ ಶುರು ಮಾಡಿದ್ ಕೆಲ್ಸ ಕೆಡಾಕಿಲ್ಲ ಅಂತ ಪ್ರತಿ ವರ್ಸ ಯಾರ್ ಸ್ವಾಮಿ ಹೇಳ್ತಿದ್ದಿದ್ದು? ಈಗ ನಿಮ್ ಅಳೀನ ವಿಚಾರ ಬಂತು, ದೇವ್ರ ಮೇಲೆ ನಂಬಿಕೆ ಕಮ್ಮಿ ಆಯ್ತಾ?"

ಆ ಮಾತು ನನ್ನನ್ನು ಚುಚ್ಚಿತು. ಎದ್ದು ಬಂದೆ. ಹಳೆಯ ಎಣ್ಣೆ ಒಂದು ಟ್ಯಾಂಕಿನಲ್ಲಿ ಇನ್ನೂ ಏಳೆಂಟು ಟನ್ ಉಳಿದಿತ್ತು. ಅದರಲ್ಲಿ ರಾಳ ಸಮೃದ್ಧಿಯಾಗಿತ್ತು. ಅದನ್ನು ಹೊಸದಕ್ಕೆ ಬೆರೆಸಿದರೆ ಹರಿದ ಕಟ್ಟುಗಳಿಗೆ ಮತ್ತೆ ಹೊದಿಕೆ ಸಿಗಬಹುದು. ನವರಾತ್ರಿಯ ಅಷ್ಟೂ ದಿನ ಬೆಳಿಗ್ಗೆ ಸಹಸ್ರನಾಮ ಮುಗಿಸಿ ಬಂದು ಬೇರೆ ಬೇರೆ ಪಾಲಿನಲ್ಲಿ ಬೆರೆಸಿ ತೊಟ್ಟು ಬಿಟ್ಟು ನೋಡಿದೆ. ಸಮಪಾಲು ಹಾಕಿದರೆ ಕಣ್ಣು ಚಿಕ್ಕದಾಯಿತು. ಹಳೆಯದು ಎರಡು ಪಾಲು, ಹೊಸದು ಒಂದು ಪಾಲು ಹಾಕಿದಾಗ ಕಣ್ಣು ಮಸುಕಾಗಿ, ಇದೆಯೋ ಇಲ್ಲವೋ ಎಂಬಂತಾಯಿತು. ಆದರೂ ನನಗೆ ನೆಮ್ಮದಿ ಇರಲಿಲ್ಲ. ಊಟಕ್ಕೆ ಕುಳಿತರೆ ತಟ್ಟೆಯ ನಡುವೆ ಆ ಬೊಟ್ಟು ಕಾಣುತ್ತಿತ್ತು. ಸೀತಾ ಸಾರು ಬಡಿಸುತ್ತಾ, "ಯಾಕಪ್ಪ, ಉಪ್ಪು ಜಾಸ್ತಿ ಆಯ್ತಾ?" ಎಂದು ಕೇಳುತ್ತಿದ್ದಳು.

ಮಹಾನವಮಿಯ ದಿನ ಆಯುಧಪೂಜೆ. ಬೆಳಿಗ್ಗೆಯಿಂದಲೇ ಶೆಡ್ಡು ತೊಳೆಯುವ ಕೆಲಸ. ಕೊಪ್ಪರಿಗೆಯೊಳಗೆ ಗಾಳಿ ಬಿಡುವ ಕೊಳವೆಯ ತೂತುಗಳಲ್ಲಿ ಇದ್ದಿಲು ಕಟ್ಟಿತ್ತು. ಅದನ್ನು ಬಿಚ್ಚಿ ಕೆರೆದರು. ಕಂಪ್ರೆಸರಿನಿಂದ ಕೊಪ್ಪರಿಗೆಯವರೆಗೆ ನೆಲದ ಮೇಲೆ ಓಡುವ ಗಾಳಿ ಪೈಪಿನ ಒಂದು ತುದಿಯನ್ನೂ ಬಿಚ್ಚಿದ್ದರು. ಒಳಗೆ ಬೆರಳಿಟ್ಟರೆ ತುಕ್ಕಿನ ಹುಡಿ ಬಂತು.

"ಒಳಗೂ ತೊಳೀರಪ್ಪ. ಹೊರಗೆ ಕುಂಕುಮ, ಒಳಗೆ ತುಕ್ಕು ಇಟ್ಕೊಂಡು ದೇವರ ಮುಂದೆ ನಿಲ್ಲಿಸಬೇಡಿ" ಎಂದವನು ನಾನು.

ಆವಲಪ್ಪ ರಬ್ಬರ್ ಪೈಪು ತಂದು ನೀರು ಬಿಟ್ಟ. ಕೆಂಪು ನೀರು ಹೊರಗೆ ಹರಿಯಿತು, ಆಮೇಲೆ ತಿಳಿಯಾಯಿತು. ಪೈಪನ್ನು ಮತ್ತೆ ಜೋಡಿಸಿ ಬೋಲ್ಟು ಬಿಗಿದರು. ಆ ಪೈಪು ಕೊಪ್ಪರಿಗೆಯ ಬುಡದಲ್ಲಿ ಒಂದು ಕಡೆ ತಗ್ಗಾಗಿ ಬಾಗಿ ಮತ್ತೆ ಮೇಲಕ್ಕೆ ಏರುತ್ತದೆ. ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅದಕ್ಕಾಗಿಯೇ ಅಲ್ಲಿ ಒಂದು ಹಿತ್ತಾಳೆಯ ನಲ್ಲಿ ಇದೆ. ಕೊಪ್ಪರಿಗೆಗೆ ಗಾಳಿ ಬಿಡುವ ಮೊದಲು ಆ ನಲ್ಲಿ ತೆಗೆದು, ಕಂಪ್ರೆಸರಿನ ಗಾಳಿಯಿಂದ ನೀರನ್ನೆಲ್ಲ ಹೊರಗೆ ಊದಿಸಬೇಕು. ಆವಲಪ್ಪ ಇದಕ್ಕೆ ಒಂದು ಒಣ ಇಟ್ಟಿಗೆ ಇಟ್ಟುಕೊಂಡಿದ್ದ. ನಲ್ಲಿಯ ಬಾಯಿಗೆ ಇಟ್ಟಿಗೆ ಹಿಡಿಯುವನು. ಅದರ ಮೇಲೆ ಒದ್ದೆಯ ಕಲೆ ಮೂಡಿದರೆ ಇನ್ನೂ ನೀರಿದೆ ಎಂದು ಲೆಕ್ಕ. ಇಟ್ಟಿಗೆ ಒಣಗಿದಂತೆಯೇ ಉಳಿದರೆ ಮೇಲಕ್ಕೆ ಕೂಗಿ ಹೇಳುವನು. ಇನ್ನೂರು ಡಿಗ್ರಿ ದಾಟಿದ ಡಾಂಬರಿನೊಳಗೆ ಒಂದು ಚೊಂಬು ನೀರು ಬಿದ್ದರೂ ಅದು ಒಮ್ಮೆಲೇ ಆವಿಯಾಗಿ ಡಾಂಬರನ್ನು ಉಕ್ಕಿಸುತ್ತದೆ ಎಂದು ಅಲ್ಲಿ ಕಸ ಗುಡಿಸುವ ಪಿಳ್ಳಮ್ಮನಿಗೂ ಗೊತ್ತಿತ್ತು.

ರಾಮಪ್ರಸಾದ ಕೈ ಒರೆಸಿಕೊಳ್ಳುತ್ತಾ ಬಂದ. "ಮಾವ, ಪೂಜೆಗೆ ಮುಂಚೆ ಐದು ನಿಮಿಷ ಕಂಪ್ರೆಸರ್ ಓಡಿಸಿ ಲೈನ್ ಊದಿಸಿಬಿಡ್ಲಾ?"

ನಾನು ಅಷ್ಟು ಹೊತ್ತಿಗೆ ಕಂಪ್ರೆಸರಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಮುಗಿಸಿದ್ದೆ. ರಾಹುಕಾಲಕ್ಕೆ ಅರ್ಧ ಗಂಟೆ ಉಳಿದಿತ್ತು.

"ಅಲಂಕಾರ ಆದಮೇಲೆ ಓಡಿಸ್ತಾರೇನೋ? ನಾಳೆ ನೋಡ್ಕೋ."

"ಸರಿ. ನಾಳೆ ನಲ್ಲಿ ಬಿಟ್ಟು ಊದಿಸಿದ್ರೆ ಆಯ್ತು" ಎಂದ. ಆ ಮಾತನ್ನು ನಾನು ನನ್ನ ಎರಡು ಕಿವಿಯಿಂದ ಕೇಳಿದೆ.

ಪ್ರತಿ ವರ್ಷ ನಾನೊಂದು ಪದ್ಧತಿ ನಡೆಸುತ್ತಿದ್ದೆ. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಪ್ರತಿ ಯಂತ್ರಕ್ಕೂ ಪ್ರತಿ ವಾಲ್ವಿಗೂ ಕಂಕಣವಾಗಿ ಕಟ್ಟುವುದು. ದಶಮಿಯ ಸಂಜೆ ಮಂಗಳಾರತಿಯಾದ ಮೇಲೆ ವಿಸರ್ಜನೆ. ಅಲ್ಲಿಯವರೆಗೆ ಕಂಕಣ ಬಿಚ್ಚಬಾರದು, ಹರಿಯಬಾರದು. ವಾಲ್ವುಗಳಿಗೆಲ್ಲ ಚಕ್ರ ಇರುವುದರಿಂದ ದಾರ ಚಕ್ರದ ಜೊತೆಗೇ ತಿರುಗುತ್ತದೆ, ಕೆಲಸಕ್ಕೆ ಅಡ್ಡಿಯಿಲ್ಲ. ಆ ವರ್ಷ ಎಲ್ಲಕ್ಕೂ ಕಟ್ಟಿದ ಮೇಲೆ ಒಂದು ತುಂಡು ದಾರ, ಒಂದು ಕೊಂಬು ಮಿಕ್ಕಿತು. ಮಂತ್ರಿಸಿದ ದಾರವನ್ನು ಬಿಸಾಡಲು ಮನಸ್ಸು ಬರಲಿಲ್ಲ. ಬಗ್ಗಿ ನೋಡಿದರೆ ತಗ್ಗಿನ ಆ ಹಿತ್ತಾಳೆ ನಲ್ಲಿ ಒಂದೇ ಬೋಳಾಗಿ ಕಾಣಿಸಿತು. ಮಂಡಿಯೂರಿ ಅದಕ್ಕೂ ಕಟ್ಟಿದೆ. ಅದಕ್ಕೆ ಚಕ್ರವಿಲ್ಲ, ಅಡ್ಡ ಹಿಡಿ ಮಾತ್ರ. ಹಿಡಿಯನ್ನೂ ಪೈಪನ್ನೂ ಸೇರಿಸಿ ಮೂರು ಸುತ್ತು ಸುತ್ತಿ ಗಂಟು ಹಾಕಿದೆ.

ಪೂಜೆ ಚೆನ್ನಾಗಿ ನಡೆಯಿತು. ಮಂಗಳಾರತಿ ಎತ್ತುವಾಗ ಚಾಮುಂಡೇಶ್ವರಿಯ ಪಟದ ಬಲಗಡೆಯಿಂದ ಒಂದು ಕೆಂಪು ದಾಸವಾಳ ಜಾರಿ ಕೆಳಗೆ ಬಿತ್ತು.

"ಬಲಗಡೆ ಹೂ ಆಯ್ತು ಸ್ವಾಮಿ! ಇನ್ನೇನ್ ಬೇಕು?" ಎಂದ ವೆಂಕಟೇಶಪ್ಪ. ಒಂಬತ್ತು ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಆ ಹೂವನ್ನು ರಾಮಪ್ರಸಾದನ ಕೈಗೆ ಕೊಟ್ಟೆ. ಅವನು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಬೂದುಗುಂಬಳಕಾಯಿಯನ್ನು ಕೊಪ್ಪರಿಗೆಯ ಮುಂದೆ ಒಡೆದೆವು.

ವಿಜಯದಶಮಿಯ ಬೆಳಗಿನ ಜಾವ ನಾಲ್ಕಕ್ಕೆ ರಾಮಪ್ರಸಾದ ಹೋಗಿ, ಆ ಎರಡಕ್ಕೊಂದು ಪಾಲಿನ ಎಣ್ಣೆಯನ್ನು ಕೊಪ್ಪರಿಗೆಗೆ ತುಂಬಿಸಿ ಉರಿ ಹೊತ್ತಿಸಿದ. ನಾನು ಪೂಜೆ ಮುಗಿಸಿ ಏಳೂವರೆಗೆ ಹೊರಟೆ. ಸೀತಾ ಹೋಳಿಗೆಗೆ ಕಡಲೆಬೇಳೆ ಬೇಯಿಸುತ್ತಿದ್ದಳು. ಬಾಗಿಲವರೆಗೆ ಬಂದಳು.

"ಅಪ್ಪ, ಹಬ್ಬದ ದಿನ. ಒಂದು ಗಂಟೆ ಒಳಗೆ ಅವರನ್ನ ಕಳಿಸಿಬಿಡಿ. ಅಲ್ಲೇ ಸಂಜೆ ತನಕ ನಿಲ್ಲಿಸಿಕೊಬೇಡಿ."

"ಕಳಿಸ್ತೀನಿ ಬಿಡಮ್ಮ. ನಾನೇ ಜೊತೆಗೆ ಕರ್ಕೊಂಡು ಬರ್ತೀನಿ" ಎಂದೆ.

ನಾನು ಮುಟ್ಟುವ ಹೊತ್ತಿಗೆ ಕೊಪ್ಪರಿಗೆ ನೂರೆಪ್ಪತ್ತು ಡಿಗ್ರಿಗೆ ಬಂದಿತ್ತು. ಗಾಳಿ ಬಿಡುವುದಕ್ಕೆ ಇನ್ನೂ ಎರಡು ಗಂಟೆ ಇತ್ತು. ಕೊಪ್ಪರಿಗೆಯಿಂದಲೇ ಒಂದು ಸೌಟು ಎಣ್ಣೆ ತರಿಸಿ, ಪ್ರಯೋಗಶಾಲೆಯ ಬಾಗಿಲು ಮುಚ್ಚಿಕೊಂಡು ಕುಳಿತೆ. ನನ್ನ ಭಯವೆಲ್ಲ ಆ ಒಂದು ತೊಟ್ಟಿನಲ್ಲಿತ್ತು. ಕಣ್ಣು ಮೂಡಿದರೆ ವೆಂಕಟೇಶಪ್ಪ ಏನೇ ಅನ್ನಲಿ, ಉರಿ ಆರಿಸುವುದು ಎಂದು ನಿಶ್ಚಯಿಸಿದ್ದೆ. ತೊಟ್ಟು ಬಿಟ್ಟು, ಕೈ ಮುಗಿದು, ಗಡಿಯಾರ ನೋಡುತ್ತಾ ಕುಳಿತೆ. ಎಣ್ಣೆ ಮೆಲ್ಲಗೆ ಹರಡಿತು. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಿಂದ ಅಂಚಿಗೆ ಒಂದೇ ಕಂದು. ನಡುವೆ ಏನೂ ಇರಲಿಲ್ಲ.

ಮತ್ತೆ ಎರಡು ತೊಟ್ಟು ಬಿಟ್ಟೆ. ಅವೂ ಹಾಗೆಯೇ ಬಂದವು. ಒಂದನ್ನು ನನ್ನ ಪ್ರಯೋಗದ ಪುಸ್ತಕಕ್ಕೆ ಅಂಟಿಸಿದೆ. ಎಲೆಯ ಕಟ್ಟುಗಳಿಗೆ ಹೊದಿಕೆ ಸಿಕ್ಕಿತ್ತು. ತಾಯಿ ನನ್ನ ಕೂಗು ಕೇಳಿದಳು ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು.

ಆಗ ಆವಲಪ್ಪ ಬಾಗಿಲು ತಟ್ಟಿದ. ಕೈಯಲ್ಲಿ ಇಟ್ಟಿಗೆ ಇತ್ತು.

"ಸಾಮಿ, ಇನ್ನೂರತ್ತಕ್ಕೆ ಬಂತು. ಗಾಳಿ ಬಿಡೋ ಒತ್ತು. ಆದ್ರೆ ತಗ್ಗಿನ್ ನಲ್ಲಿಗೆ ನೀವು ಕಂಕಣ ಕಟ್ಬಿಟ್ಟಿದೀರಿ. ಇಡಿ ತಿರುಗಾಕಿಲ್ಲ. ಬಿಚ್ಲಾ?"

ನಾನು ಕಾಗದವನ್ನು ಕೈಯಲ್ಲಿ ಹಿಡಿದೇ ಇದ್ದೆ. "ಸಂಜೆ ವಿಸರ್ಜನೆ ಆಗೋವರೆಗೂ ಕಂಕಣ ಮುಟ್ಟಬಾರದು ಅಂತ ನಿನಗೆ ಗೊತ್ತಿಲ್ವೇನೋ?"

"ಗೊತ್ತು ಸಾಮಿ. ಅದ್ಕೇ ಕೇಳಾಕೆ ಬಂದಿದ್ದು. ಒಂದ್ ಗಳಿಗೆ ಕೆಲ್ಸ. ಅರಿದ್ಬಿಟ್ಟು ಇನ್ನೊಂದ್ ಕಟ್ಬೋದಲ್ಲ?"

"ದಶಮಿ ದಿನ, ಕೆಲಸ ಶುರು ಮಾಡೋ ಹೊತ್ತಲ್ಲಿ, ಕಟ್ಟಿದ ಕಂಕಣ ಹರೀತಾರಾ? ಬಾಯಲ್ಲಿ ಆಡಬಾರದ ಮಾತು."

ಅವನು ಅಲ್ಲೇ ನಿಂತ. "ನೆನ್ನೆ ನೀರ್ ಬಿಟ್ಟಿದ್ವಿ ಸಾಮಿ."

ರಾಮಪ್ರಸಾದ ಆಡಿದ ಮಾತು ನನಗೆ ಆಗ ನೆನಪಾಗಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ನೆನಪಾಯಿತು. ಅದರ ಹಿಂದೆಯೇ ಸಮಾಧಾನವೂ ಬಂತು. ನಿನ್ನೆ ಮಧ್ಯಾಹ್ನವೆಲ್ಲ ಸುಡುವ ಬಿಸಿಲು ಇತ್ತು, ಕಬ್ಬಿಣದ ಪೈಪು ಕಾದಿತ್ತು, ನೀರು ಆರಿರುತ್ತದೆ. ಎರಡೂ ಕಡೆ ಮುಚ್ಚಿದ ಪೈಪಿನೊಳಗಿನ ನೀರು ಆರಿ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬ ಕೆಮಿಸ್ಟ್ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಹೂವು ಬಲಕ್ಕೆ ಬಿದ್ದಿತ್ತು. ಕಾಗದದ ಮೇಲೆ ಕಣ್ಣು ಇರಲಿಲ್ಲ.

"ಬಿಸಿಲಿಗೆ ಆರಿರುತ್ತೆ ಹೋಗು. ಇವತ್ತು ಏನೂ ಆಗಲ್ಲ" ಎಂದೆ.

ಆವಲಪ್ಪ ಇಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ನಾನು ಕಾಗದವನ್ನು ಹಿಡಿದು ಕಿಟಕಿಯ ಬಳಿ ನಿಂತೆ, ರಾಮಪ್ರಸಾದನಿಗೆ ತೋರಿಸಬೇಕೆಂದು. ಅವನು ಅಟ್ಟಣೆಯ ಮೇಲಿದ್ದ. ನಿನ್ನೆಯ ಹೂವು ಇನ್ನೂ ಜೇಬಿನಲ್ಲಿತ್ತು. ಕೆಂಪು ದಳದ ತುದಿ ದೂರಕ್ಕೆ ಕಾಣುತ್ತಿತ್ತು.

ಅವನು ಬಗ್ಗಿ ಕೂಗಿದ. "ಆವಲಪ್ಪಣ್ಣ, ಇಟ್ಟಿಗೆ ಏನಂತು?"

"ಸಾಮೇರು ಕಂಕಣ ಬಿಚ್ಬ್ಯಾಡ ಅಂದ್ರು! ಆರೈತಂತೆ!"

ರಾಮಪ್ರಸಾದ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. ಅವನ ಮುಖದಲ್ಲಿ ಒಂದು ಪ್ರಶ್ನೆ ಇತ್ತು. ನಾನು ಕಾಗದವನ್ನು ಮೇಲೆತ್ತಿ ತೋರಿಸಿ, ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿದೆ. ಅವನ ಮುಖ ತಿಳಿಯಾಯಿತು. ಎಂಟು ವರ್ಷದ ಹುಡುಗನಾಗಿದ್ದಾಗ ನಾನು ಲೆಕ್ಕ ಸರಿಯಿದೆ ಎಂದರೆ ಹೀಗೆಯೇ ತಿಳಿಯಾಗುತ್ತಿತ್ತು.

"ಮಾವ ಹೇಳಿದ ಮೇಲೆ ಮುಗೀತು. ಬಿಡಣ್ಣ ಗಾಳಿ!"

ಕಂಪ್ರೆಸರ್ ಸದ್ದು ಮಾಡಿತು. ರಾಮಪ್ರಸಾದ ಅಟ್ಟಣೆಯ ಮೇಲಿನ ವಾಲ್ವನ್ನು ತಿರುಗಿಸಿದ. ಅದಕ್ಕೆ ಕಟ್ಟಿದ ಕಂಕಣ ಚಕ್ರದ ಜೊತೆ ಸುತ್ತಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪೈಪಿನೊಳಗೆ ಏನೋ ಗುಡುಗುಡು ಎಂದು ಓಡಿದ ಸದ್ದು ಕೇಳಿಸಿತು. ಗಾಳಿ ಹಾಗೆ ಸದ್ದು ಮಾಡುವುದಿಲ್ಲ.

ಅವನಿಗೂ ಅದು ಗೊತ್ತಾಯಿತು. ಅಟ್ಟಣೆಯ ಮೆಟ್ಟಿಲು ಅವನಿಂದ ಮೂರು ಹೆಜ್ಜೆ. ಓಡಬಹುದಾಗಿತ್ತು. ಕೆಳಗೆ ಆವಲಪ್ಪ, ಪಿಳ್ಳಮ್ಮ ಇಬ್ಬರೂ ಇದ್ದರು. ಅವನು "ಓಡ್ರೋ!" ಎಂದು ಕಿರುಚಿ, ಮೆಟ್ಟಿಲ ಕಡೆ ಹೋಗದೆ ವಾಲ್ವಿನ ಕಡೆ ತಿರುಗಿ, ಎರಡು ಕೈಯಿಂದ ಅದನ್ನು ಮುಚ್ಚತೊಡಗಿದ. ಕೊಪ್ಪರಿಗೆ ನಡುಗಿತು. ಉಕ್ಕುವ ಹಾಲಿನ ಹಾಗೆ, ಆದರೆ ಕಪ್ಪಗೆ, ಡಾಂಬರಿನ ನೊರೆ ಬಾಯಿಯಿಂದ ಎದ್ದು ಅಟ್ಟಣೆಯನ್ನು ಮುಚ್ಚಿತು. ಬೆಂಕಿ ಹತ್ತಲಿಲ್ಲ. ನಾನು ಒಂಬತ್ತು ದಿನ ಹೆದರಿದ್ದ ಬೆಂಕಿ ಕೊಳವೆಗೆ ಏನೂ ಆಗಿರಲಿಲ್ಲ.

ಅವನು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ. ಮೊದಲ ದಿನ ಮಾತು ಇತ್ತು. "ಮಾವ, ಕಾಗದದ ಸ್ಪಾಟ್ ಚೆನ್ನಾಗಿ ಬಂದಿತ್ತಾ?" ಎಂದು ಕೇಳಿದ. ಬಂದಿತ್ತು ಎಂದೆ. ಆಮೇಲೆ ಅವನು ನನ್ನ ಹತ್ತಿರ ಏನೂ ಕೇಳಲಿಲ್ಲ.

ಅವನ ಉತ್ತರಕ್ರಿಯೆಗಳು ಮುಗಿಯುವ ಮೊದಲೇ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬಂದರು. ನನ್ನನ್ನು ಕರೆಸಿದರು, ಹೋದೆ. ಶೆಡ್ಡಿನ ನೆಲದ ಮೇಲೆ ಡಾಂಬರು ತಣ್ಣಗಾಗಿ, ಉಕ್ಕಿದ ಆಕಾರದಲ್ಲಿಯೇ ಕಲ್ಲಾಗಿತ್ತು. ಕಂಪ್ರೆಸರಿನ ಮೇಲೆ ಒಣಗಿದ ಹಾರ ಹಾಗೆಯೇ ಇತ್ತು. ವೆಂಕಟೇಶಪ್ಪ ನನ್ನ ಪ್ರಯೋಗದ ಪುಸ್ತಕವನ್ನು ಮೊದಲೇ ತಂದು ಮೇಜಿನ ಮೇಲೆ ತೆರೆದಿಟ್ಟಿದ್ದ. ಕಪ್ಪು ಕಣ್ಣಿನ ಕಾಗದಗಳೆಲ್ಲ ತಾರೀಖಿನ ಸಮೇತ ಅದರಲ್ಲಿ ಅಂಟಿದ್ದವು.

"ಎಣ್ಣೆ ಕೆಟ್ಟಿತ್ತು ಸಾರ್. ಕಳಿಸಿದೋರು ಮೋಸ ಮಾಡವ್ರೆ. ನಮ್ ಸ್ವಾಮಿಗಳೇ ಮೊದಲ್ನೇ ದಿನ ಬರ್ದವ್ರೆ ನೋಡಿ, ಅಪಾಯ ಅಂತ. ಅವರದೇ ಅಕ್ಷರ" ಎಂದ.

ಇನ್ಸ್‌ಪೆಕ್ಟರ್ ವಯಸ್ಸಿನಲ್ಲಿ ಚಿಕ್ಕವರು. ಪುಟ ತಿರುವಿ, "ಇದು ಗಟ್ಟಿ ಸಾಕ್ಷಿ" ಎಂದರು. ನನ್ನ ಕಡೆ ನೋಡಿ, "ತಮ್ಮ ದುಃಖ ನನಗೆ ಅರ್ಥವಾಗುತ್ತೆ. ತಾವು ಮುಂಚೆಯೇ ಎಚ್ಚರಿಕೆ ಕೊಟ್ಟಿದ್ರಿ" ಎಂದರು. ಆಮೇಲೆ ಆವಲಪ್ಪನನ್ನು ಕೇಳಿದರು. "ಗಾಳಿ ಲೈನ್ ಚೆಕ್ ಮಾಡಿದ್ರಾ? ನೀರು ತೆಗೆದಿದ್ರಾ?"

ಆವಲಪ್ಪನ ಒಂದು ತೋಳಿಗೆ ಬಟ್ಟೆ ಸುತ್ತಿತ್ತು. ಅವನು ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ಹೇಳಿದ. "ನಾ ಮರ್ತ್‌ಬಿಟ್ಟೆ ಸಾರ್."

"ಮರೆತ್ರಾ?"

"ಊಂ ಸಾರ್. ಅಬ್ಬದ್ ಗಲಾಟೇಲಿ ಮರ್ತೆ."

ಹೇಗೂ ಎಣ್ಣೆಯೇ ಕೆಟ್ಟಿತ್ತಲ್ಲ ಎಂದು ವೆಂಕಟೇಶಪ್ಪ ನಡುವೆ ಬಾಯಿ ಹಾಕಿದ. ಇನ್ಸ್‌ಪೆಕ್ಟರ್ ಏನೋ ಬರೆಯತೊಡಗಿದರು. ನಾನು ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ನನ್ನ ಪುಸ್ತಕ ನನ್ನ ಪರವಾಗಿ ಮಾತಾಡುತ್ತಿತ್ತು. ಇನ್ನೊಬ್ಬ ಮನುಷ್ಯ ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಎತ್ತಿಕೊಂಡು ನಿಂತಿದ್ದ. ಅರ್ಧ ನಿಮಿಷ ಹಾಗೆ ಸುಮ್ಮನೆ ನಿಂತೂ ನಿಂತೆ. ಆ ಅರ್ಧ ನಿಮಿಷಕ್ಕಾಗಿ ಇಂದಿಗೂ ದೇವರ ಮುಂದೆ ತಲೆಯೆತ್ತಲಾರೆ.

ಪುಸ್ತಕದ ಕೊನೆಯ ಪುಟ ತೆಗೆದು ಅವರ ಮುಂದಿಟ್ಟೆ. ಕಣ್ಣಿಲ್ಲದ ಕಾಗದ ಅದರಲ್ಲಿತ್ತು.

"ಅವತ್ತು ಕೊಪ್ಪರಿಗೆಯಲ್ಲಿದ್ದ ಎಣ್ಣೆ ಇದು. ಇದರಲ್ಲಿ ದೋಷ ಇರಲಿಲ್ಲ" ಎಂದೆ. "ತಾವು ನನ್ನ ಜೊತೆ ಬನ್ನಿ."

ಕೊಪ್ಪರಿಗೆಯ ಬುಡಕ್ಕೆ ಕರೆದೊಯ್ದೆ. ಉಕ್ಕಿದ ಡಾಂಬರು ಎರಡೂ ಪಕ್ಕದಲ್ಲಿ ಹರಿದು ಗಟ್ಟಿಯಾಗಿತ್ತು, ಆದರೆ ತಗ್ಗಿನ ನಲ್ಲಿಯನ್ನು ಮುಟ್ಟಿರಲಿಲ್ಲ. ಅರಿಶಿನದ ದಾರ ಮೂರು ಸುತ್ತು ಹಾಗೆಯೇ ಇತ್ತು. ಗಂಟು ಸಡಿಲವಾಗಿರಲಿಲ್ಲ. ಕೊಂಬಿನ ಬಣ್ಣ ಕೂಡ ಮಾಸಿರಲಿಲ್ಲ. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು.

"ಇದನ್ನ ಯಾರು ಕಟ್ಟಿದ್ದು?"

"ನಾನು. ಬಿಚ್ಚಲಾ ಅಂತ ಆವಲಪ್ಪ ಬಂದು ಕೇಳಿದ. ಬೇಡ ಅಂದವನೂ ನಾನು."

"ಸಾಮಿ..." ಎಂದ ಆವಲಪ್ಪ ಹಿಂದಿನಿಂದ.

"ಇಟ್ಟಿಗೆ ಕೊಡು" ಎಂದೆ.

ಅವನು ಮೂಲೆಯಿಂದ ಇಟ್ಟಿಗೆಯನ್ನು ತಂದು ಕೊಟ್ಟ. ಮಂಡಿಯೂರಿದೆ. ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಹರಿದೆ. ಬಾಯಿಗೆ ಅರಿಶಿನದ ರುಚಿ ಬಂತು. ಇಟ್ಟಿಗೆಯನ್ನು ನಲ್ಲಿಯ ಬಾಯಿಗೆ ಹಿಡಿದು ಹಿಡಿಯನ್ನು ತಿರುಗಿಸಿದೆ. ತುಕ್ಕು ಬೆರೆತ ಕೆಂಪು ನೀರು ಹೊರಗೆ ಬಂತು. ಒಳಕ್ಕೆ ನುಗ್ಗಿ ಹೋದದ್ದು ಹೋಗಿ ಇನ್ನೂ ಇಷ್ಟು ಉಳಿದಿತ್ತು. ಇಟ್ಟಿಗೆ ನೆನೆದು, ಬಣ್ಣ ತಿರುಗಿ, ನನ್ನ ಮುಂಗೈಯ ಮೇಲೆ ನೀರು ಇಳಿಯಿತು. ಅರ್ಧ ಕೊಡದಷ್ಟು ಹರಿಯಿತು. ವೆಂಕಟೇಶಪ್ಪ ಮೇಲೆ ನೋಡುತ್ತಾ ನಿಂತಿದ್ದ.

ಅವರು ಬರೆದುಕೊಂಡದ್ದಕ್ಕೆಲ್ಲ ಸಹಿ ಹಾಕಿದೆ. ಬಸ್ಸು ಹತ್ತಿ ಜಾಲಹಳ್ಳಿಗೆ ಬಂದು ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಸೀತಾ ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಅಕ್ಕ ಅನುಸೂಯಮ್ಮ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ನನ್ನ ಹೆಜ್ಜೆ ಕೇಳಿ ಸೀತಾ ಮುಖವೆತ್ತಿದಳು.

"ಮಧ್ಯಾಹ್ನ ವೆಂಕಟೇಶಪ್ಪನ ಮನೆಯವರು ಬಂದಿದ್ರು ಅಪ್ಪ. ಎಣ್ಣೆ ಕೆಟ್ಟಿತ್ತು, ಯಾರ ಕೈಲೂ ಏನೂ ಇರಲಿಲ್ಲ ಅಂದ್ರು. ಹೌದಾ?"

ನಾನು ಅವಳೆದುರು ನೆಲದ ಮೇಲೆ ಕುಳಿತೆ. ನನ್ನ ಮುಷ್ಟಿಯಲ್ಲಿ ಹರಿದ ದಾರ ಇತ್ತು. ಅದನ್ನು ನಮ್ಮಿಬ್ಬರ ನಡುವೆ ಇಟ್ಟೆ.

"ಇಲ್ಲಮ್ಮ" ಎಂದೆ. "ಎಣ್ಣೆ ಚೆನ್ನಾಗಿತ್ತು."